ವಿದೇಶಿ ಪೈಲ್ವಾನರು ನಿಮ್ಮ ಗರಡಿಗೆ ಬರುವಾಗ: ಮಣ್ಣಿನ ಕುಸ್ತಿಯ ವಿನಿಮಯ ಶಿಬಿರ ನಡೆಸುವ ಬಗೆ

ಜಾತ್ರೆಯ ಕಣಕ್ಕೆ ಪರದೇಶದ ಪೈಲ್ವಾನನೊಬ್ಬನನ್ನು ಇಳಿಸಿ, ಹಲಗಿ ಬಾರಿಸಿ, ಫೋಟೊ ತೆಗೆಸಿ, ಮರುದಿನ ವಿಮಾನ ಹತ್ತಿಸಿದರೆ ಅದು ಬರೀ ಪ್ರದರ್ಶನ. ಬಂದವನು ಒಂದು ಪಟ್ಟನ್ನೂ ಕಲಿಯಲಿಲ್ಲ, ನಮ್ಮ ಹುಡುಗರೂ ಅವನಿಂದ ಏನನ್ನೂ ಪಡೆಯಲಿಲ್ಲ. ನಿಜವಾದ ಕೊಡುಕೊಳ್ಳುವಿಕೆ ನಡೆಯುವುದು ಬೆಳಗಿನ ತಾಲೀಮಿನಲ್ಲಿ. ಇಬ್ಬರೂ ಮಣ್ಣು ಅಗೆದು, ಇಬ್ಬರೂ ಇನ್ನೊಬ್ಬರ ನೆಲದಲ್ಲಿ ಒಮ್ಮೆಯಾದರೂ ಚಿತ್ ಆಗಿ ಎದ್ದಾಗ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗದ ಗರಡಿ ಮನೆಗಳು, ಕುಸ್ತಿ ಸಂಘಗಳು, ಜಾತ್ರಾ ಕಮಿಟಿಗಳು ಹತ್ತು ದಿನದ ಇಂಥ ಶಿಬಿರವನ್ನು ಹೇಗೆ ನಡೆಸಬಹುದು ಎಂಬುದು ಇಲ್ಲಿದೆ. ಮೈದಾನದ ಕುಸ್ತಿ ಅದರ ಕೊನೆಯ ಒಂದು ದಿನ ಮಾತ್ರ.

ಯಾರನ್ನು, ಯಾವಾಗ ಕರೆಯಬೇಕು

ಮೊದಲ ಸಲಕ್ಕೆ ಆರು ಜನ ಪೈಲ್ವಾನರು, ಒಬ್ಬ ತರಬೇತುದಾರ, ಭಾಷೆ ಬಲ್ಲ ಒಬ್ಬರು ಸಾಕು. ಎಂಟು ಜನ ದಾಟಿದರೆ ಒಂದೇ ಅಖಾಡದಲ್ಲಿ ಎಲ್ಲರಿಗೂ ಕೆಲಸ ಸಿಗುವುದಿಲ್ಲ. ಅರ್ಧ ಮಂದಿ ಅಂಚಿನಲ್ಲಿ ನಿಂತು ಮೊಬೈಲ್ ಹಿಡಿಯುತ್ತಾರೆ.

ಎಂಥ ಕುಸ್ತಿಯಿಂದ ಬಂದವರು ಎಂಬುದರ ಮೇಲೆ ಶಿಬಿರದ ಸ್ವರೂಪ ನಿಲ್ಲುತ್ತದೆ. ಇರಾನಿನ ಪೈಲ್ವಾನರಿಗೆ ನಮ್ಮ ಗರಡಿ ಅಷ್ಟೇನೂ ಹೊಸದಲ್ಲ. ಅವರ ಜೂರ್‌ಖಾನೆಯಲ್ಲೂ ನೆಲಮಟ್ಟಕ್ಕಿಂತ ತಗ್ಗಿನ ಎಂಟು ಮೂಲೆಯ ಕಣ, ಮೀಲ್ ಎಂಬ ಮರದ ಗದೆಗಳು, ಎತ್ತರದಲ್ಲಿ ಕುಳಿತು ವಾದ್ಯ ಬಾರಿಸುತ್ತಾ ಹಾಡಿ ವ್ಯಾಯಾಮ ನಡೆಸುವ ಮುರ್ಷಿದ್ ಇರುತ್ತಾರೆ. ಈ ಪದ್ಧತಿಯನ್ನೂ ಟರ್ಕಿಯ ಎದಿರ್ನೆಯ ಎಣ್ಣೆ ಕುಸ್ತಿಯ ಉತ್ಸವವನ್ನೂ ಮಂಗೋಲಿಯಾದ ನಾದಮ್ ಹಬ್ಬವನ್ನೂ ಯುನೆಸ್ಕೊ 2010ರಲ್ಲಿ ಒಂದೇ ವರ್ಷ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಟರ್ಕಿಯವರು ಚರ್ಮದ ಚಲ್ಲಣದ ಒಳಗೆ ಕೈ ಹಾಕಿ ಹಿಡಿದು ಆಡುವವರು, ಹಾಗಾಗಿ ಲಂಗೋಟಿ ಹಿಡಿಯುವ ನಮ್ಮ ಪದ್ಧತಿ ಅವರಿಗೆ ಬೇಗ ಒಗ್ಗುತ್ತದೆ. ಕೊರಿಯಾದ ಸ್ಸಿರಮ್ ಉಸುಕಿನಲ್ಲಿ, ಸೊಂಟಕ್ಕೂ ತೊಡೆಗೂ ಕಟ್ಟಿದ ಪಟ್ಟಿ ಹಿಡಿದು ಆಡುವ ಕುಸ್ತಿ. ಸ್ವಿಟ್ಜರ್ಲೆಂಡಿನ ಶ್ವಿಂಗನ್ ಕಟ್ಟಿಗೆ ಹೊಟ್ಟಿನ ಮೇಲೆ ನಡೆಯುತ್ತದೆ. ಇವರಿಗೆಲ್ಲ ಕಾಲು ಹುಗಿಯುವ ನೆಲದ ಅನುಭವ ಮೊದಲೇ ಇರುತ್ತದೆ. ಬರೀ ಮ್ಯಾಟ್ ಮೇಲೆ ಬೆಳೆದವರಿಗೆ ಇರುವುದಿಲ್ಲ. ಅವರಿಗೆ ಎರಡು ದಿನ ಹೆಚ್ಚು ಬೇಕು.

ಕಾಲ ನವೆಂಬರ್‌ನಿಂದ ಫೆಬ್ರುವರಿ. ಮಾರ್ಚ್ ನಂತರ ವಿಜಯಪುರ, ಬಾಗಲಕೋಟೆಯ ಬಿಸಿಲಿಗೆ ಚಳಿದೇಶದವರನ್ನು ಕರೆಯಬೇಡಿ. ಮೈ ಬಿಸಿಲಿಗೆ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು, ನಿಮ್ಮ ಶಿಬಿರವೇ ಅಷ್ಟರಲ್ಲಿ ಮುಗಿದಿರುತ್ತದೆ. ಜನವರಿಯಲ್ಲಿ ಸಂಕ್ರಮಣದ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ ಬರುತ್ತವೆ. ಶಿಬಿರದ ಕೊನೆಯ ದಿನವನ್ನು ಇಂಥದೊಂದಕ್ಕೆ ಹೊಂದಿಸಿದರೆ ಜನ ಸೇರಿಸುವ ಖರ್ಚು ಉಳಿಯುತ್ತದೆ. ಆದರೆ ದೊಡ್ಡ ಜಾತ್ರೆಯ ವಾರದಲ್ಲಿ ವಸತಿ ಸಿಗುವುದು ಕಷ್ಟ. ಕೋಣೆಗಳನ್ನು ಮೊದಲು ಹಿಡಿದು ಆಮೇಲೆ ತಾರೀಖು ಹೇಳಿ.

ಕಾಗದ ಪತ್ರ

ಆರು ತಿಂಗಳ ಮೊದಲೇ ಆಮಂತ್ರಣ ಪತ್ರ ಹೋಗಬೇಕು. ಅದರಲ್ಲಿ ಶಿಬಿರದ ಊರು, ತಾರೀಖು, ಉಳಿಯುವ ವಿಳಾಸ, ಖರ್ಚು ಯಾರದು, ಬಹುಮಾನದ ಹಣ ಉಂಟೋ ಇಲ್ಲವೋ ಎಂಬುದೆಲ್ಲ ಸ್ಪಷ್ಟವಾಗಿರಲಿ. ಇದೇ ಪತ್ರವನ್ನು ಅವರು ತಮ್ಮ ದೇಶದಲ್ಲಿರುವ ಭಾರತದ ರಾಯಭಾರ ಕಚೇರಿಗೆ ತೋರಿಸಿ, ಯಾವ ಬಗೆಯ ವೀಸಾ ಬೇಕೆಂದು ಬರವಣಿಗೆಯಲ್ಲೇ ಕೇಳಲಿ. ‘ಸುಮ್ಮನೆ ತಿರುಗಾಡಲು ಬಂದಿದ್ದೇವೆ ಎಂದು ಹೇಳಿಬಿಡಿ’ ಎಂದು ಸಲಹೆ ಕೊಡುವವರು ಊರಿಗೊಬ್ಬರು ಇರುತ್ತಾರೆ. ಅವರ ಮಾತು ಕೇಳಬೇಡಿ. ಪೋಸ್ಟರಿನಲ್ಲಿ ಫೋಟೊ, ಬಹುಮಾನದ ಮೊತ್ತ ಎರಡೂ ಅಚ್ಚಾದ ಮೇಲೆ ಆ ಮಾತು ನಿಲ್ಲುವುದಿಲ್ಲ.

ಅತಿಥಿಗಳು ಬಂದ 24 ಗಂಟೆಯೊಳಗೆ, ಅವರನ್ನು ಇಳಿಸಿಕೊಂಡವರು ಆನ್‌ಲೈನ್‌ನಲ್ಲಿ ವಿದೇಶಿಯರ ಮಾಹಿತಿ ಸಲ್ಲಿಸಬೇಕು. ಸಿ ಫಾರ್ಮ್ ಎಂದು ಎಲ್ಲರೂ ಕರೆಯುವುದು ಇದನ್ನೇ. ದೊಡ್ಡ ಲಾಡ್ಜಿನವರಿಗೆ ಗೊತ್ತಿರುತ್ತದೆ. ಪೈಲ್ವಾನರ ಮನೆಯಲ್ಲೋ ಮಠದ ಯಾತ್ರಿ ನಿವಾಸದಲ್ಲೋ ಇಳಿಸಿದರೆ ಆ ಹೊಣೆ ಮನೆಯವರದು, ನಿವಾಸದವರದು. ಇದಕ್ಕೆ ಮೊದಲೇ ನೋಂದಣಿ ಮಾಡಿಕೊಂಡಿರಬೇಕಾದ್ದರಿಂದ ಒಂದು ತಿಂಗಳ ಮೊದಲೇ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಕಚೇರಿಯ ವಿದೇಶಿಯರ ವಿಭಾಗಕ್ಕೆ ಹೋಗಿ ಕೇಳಿಕೊಳ್ಳಿ. ಮೈದಾನದ ಪರವಾನಗಿ, ಧ್ವನಿವರ್ಧಕದ ಪರವಾನಗಿ ಬೇರೆ ಬೇರೆ. ರಾತ್ರಿ 10ಕ್ಕೆ ಮೈಕ್ ಬಂದ್ ಆಗಬೇಕಾದ್ದರಿಂದ ಕೊನೆಯ ದೊಡ್ಡ ಕುಸ್ತಿಯನ್ನು 8 ಗಂಟೆಗೇ ಹಚ್ಚಿ.

ಇನ್ನೊಂದು ಕಾಗದವನ್ನು ಬಹಳ ಮಂದಿ ಮರೆಯುತ್ತಾರೆ: ವಿಮೆ. ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಕುಸ್ತಿಯಂಥ ಆಟದ ಗಾಯಗಳನ್ನು ಹೆಚ್ಚಾಗಿ ಹೊರಗಿಟ್ಟಿರುತ್ತಾರೆ. ಕುಸ್ತಿಯ ಗಾಯಕ್ಕೂ ಅನ್ವಯಿಸುತ್ತದೆ ಎಂದು ಬರೆದ ಪುಟದ ಪ್ರತಿಯನ್ನು ತರಿಸಿಕೊಳ್ಳಿ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಆಡುವ ಪೈಲ್ವಾನನಾದರೆ ಅವನ ದೇಶದ ಫೆಡರೇಶನ್ನಿನ ಒಪ್ಪಿಗೆ ಪತ್ರವೂ ಇರಲಿ.

ಮಣ್ಣು

ಇಡೀ ಶಿಬಿರ ನಿಂತಿರುವುದು ಇದರ ಮೇಲೆ, ಎಲ್ಲರೂ ಕೊನೆಯ ವಾರಕ್ಕೆ ತಳ್ಳುವುದೂ ಇದನ್ನೇ.

ಕೃಷ್ಣಾ, ಘಟಪ್ರಭಾ, ಡೋಣಿ ತೀರದ ಎರೆ ಮಣ್ಣು ಕುಸ್ತಿಗೆ ಬರುವುದಿಲ್ಲ. ಒದ್ದೆಯಾದರೆ ಮೈಗೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಬಿರುಕು ಬಿಟ್ಟು ಹೆಂಟೆಯಾಗುತ್ತದೆ. ಬೇಕಾದುದು ಮಸಾರಿ, ಅಂದರೆ ಕೆಂಪು ಮಣ್ಣು. ಬಾದಾಮಿ ಕಡೆಯ ಮಣ್ಣಿನಲ್ಲಿ ಉಸುಕಿನ ಅಂಶ ಹೆಚ್ಚು, ಚರ್ಮ ತರಚುತ್ತದೆ. ಖಾನಾಪುರ ಕಡೆಯದರಲ್ಲಿ ಹರಳು ಹೆಚ್ಚು. ಎರಡನ್ನೂ ಉಸುಕು ಜರಡಿ ಹಿಡಿಯುವ ಜಾಲರಿಯಲ್ಲಿ ಒಮ್ಮೆ, ಸಣ್ಣ ಕಣ್ಣಿನ ಜಾಲರಿಯಲ್ಲಿ ಇನ್ನೊಮ್ಮೆ ಹಿಡಿಯಲೇಬೇಕು.

ಲೆಕ್ಕ ಸುಲಭ. 20 ಅಡಿ ಉದ್ದ, 20 ಅಡಿ ಅಗಲ, 1 ಅಡಿ ಆಳದ ಅಖಾಡಕ್ಕೆ 400 ಘನ ಅಡಿ, ಅಂದರೆ 4 ಬ್ರಾಸ್ ಮಣ್ಣು. ಜರಡಿಯಲ್ಲಿ ಕಳೆಯುವುದೂ ತುಳಿದು ತಗ್ಗುವುದೂ ಸೇರಿಸಿ 5 ಬ್ರಾಸ್ ತರಿಸಿ. ಸುಮಾರು ಐದು ಟ್ರ್ಯಾಕ್ಟರ್ ಟ್ರಾಲಿ ಆಗುತ್ತದೆ. ಜಾಗ ಎರೆ ಹೊಲದ್ದಾಗಿದ್ದರೆ ಒಂದೂವರೆ ಅಡಿ ತೋಡಿ, ಕೆಳಗೆ ಅರ್ಧ ಅಡಿ ಗರಸು ಹಾಸಿ ದಮ್ಮಸು ಮಾಡಿ, ಅದರ ಮೇಲೆ ಮಸಾರಿ ತುಂಬಿ. ಗರಸು ಇಲ್ಲದಿದ್ದರೆ ಅಕಾಲದ ಒಂದು ಮಳೆಗೆ ಕೆಳಗಿನ ಎರೆ ಉಬ್ಬಿ ಅಖಾಡದ ನಡುವೆ ದಿಬ್ಬ ಏಳುತ್ತದೆ.

ಇಷ್ಟು ಮಣ್ಣಿಗೆ ಹಾಕುವ ಸಾಮಾನು ಗರಡಿಯಿಂದ ಗರಡಿಗೆ ಬೇರೆ. ನಡೆಯುವಂಥ ಒಂದು ಅಳತೆ ಹೀಗಿದೆ: ಹುಳಿ ಮಜ್ಜಿಗೆ 60 ಲೀಟರ್, ಕುಸುಬಿ ಎಣ್ಣೆ ಇಲ್ಲವೇ ಎಳ್ಳೆಣ್ಣೆ 15 ಲೀಟರ್, ಅರಿಷಿಣ ಪುಡಿ 8 ಕಿಲೊ, ಒಣಗಿಸಿ ಪುಡಿ ಮಾಡಿದ ಬೇವಿನ ಎಲೆ 5 ಕಿಲೊ, ಲಿಂಬೆಹಣ್ಣು 400, ಕರ್ಪೂರ 1 ಕಿಲೊ. ಲಿಂಬೆಗೆ ವಿಜಯಪುರದವರು ದೂರ ಹೋಗಬೇಕಿಲ್ಲ, ಇಂಡಿಯ ಸಂತೆಯಲ್ಲಿ ಚೀಲಗಟ್ಟಲೆ ಸಿಗುತ್ತದೆ. ಎಣ್ಣೆಯನ್ನು ಒಂದೇ ಸಲ ಸುರಿದರೆ ಮಣ್ಣು ಗಂಟು ಕಟ್ಟುತ್ತದೆ. ಎರಡು ಬುಟ್ಟಿ ಒಣ ಮಣ್ಣಿನಲ್ಲಿ ಕಲಸಿ, ಕೈಯಲ್ಲಿ ಉಜ್ಜಿ, ಆಮೇಲೆ ಅಖಾಡಕ್ಕೆ ಚೆಲ್ಲಿ. ಹೆಚ್ಚಾದ ಎಣ್ಣೆಯಿಂದ ಹಿಡಿತ ಜಾರುತ್ತದೆ. ಹೆಚ್ಚಾದ ಅರಿಷಿಣ ಕಣ್ಣಿಗೆ ಹೋದಾಗ ಉರಿಯುತ್ತದೆ, ಅತಿಥಿಗಳ ಬಟ್ಟೆಗೆ ಹತ್ತಿದ ಬಣ್ಣವಂತೂ ಅವರ ಊರು ಮುಟ್ಟಿದರೂ ಹೋಗದು.

ಇದೆಲ್ಲ ಶಿಬಿರಕ್ಕೆ ಮೂರು ವಾರ ಮೊದಲು ಆಗಬೇಕು. ಎರಡು ದಿನಕ್ಕೊಮ್ಮೆ ಸನಿಕೆಯಿಂದ ಮಗುಚುತ್ತಿರಬೇಕು. ಮುಂಚಿನ ದಿನ ಮಜ್ಜಿಗೆ ಹಾಕಿದ ಅಖಾಡದಲ್ಲಿ ಹುಳಿ ವಾಸನೆ, ನೊಣ, ಇರುವೆ ಎಲ್ಲ ಇರುತ್ತವೆ. ಹೊಸ ಲಿಂಬೆರಸ ತರಚಿದ ಮೈಗೆ ತಗುಲಿದರೆ ಮ್ಯಾಟಿನವರು ಆ ದಿನ ಮತ್ತೆ ಇಳಿಯುವುದಿಲ್ಲ.

ಹದ ನೋಡುವುದು ಕೈಯಿಂದಲೇ. ಮುಷ್ಟಿಯಲ್ಲಿ ಹಿಡಿದು ಒತ್ತಿದಾಗ ಉಂಡೆಯಾಗಬೇಕು, ಬೆರಳಿನಿಂದ ತಟ್ಟಿದರೆ ಒಡೆಯಬೇಕು. ಉಂಡೆಯೇ ಆಗದಿದ್ದರೆ ದೂಳೆದ್ದು ಕಣ್ಣು ಮೂಗಿಗೆ ಹೋಗುತ್ತದೆ. ತಟ್ಟಿದರೂ ಒಡೆಯದಿದ್ದರೆ ಕಾಲು ಸಿಕ್ಕಿಕೊಂಡು ಮೊಣಕಾಲು ತಿರುಚುತ್ತದೆ. ನೀರನ್ನು ಸಂಜೆ ಚಿಮುಕಿಸಿ, ಬೆಳಗ್ಗೆ 8–9 ಇಂಚು ಆಳ ಅಗೆದು, ಹಲಗೆ ಎಳೆದು ಸಮ ಮಾಡಿ. ಜಾತ್ರೆಗೆಂದು ತರಾತುರಿಯಲ್ಲಿ ಮಾಡಿದ ಕಣಗಳಲ್ಲಿ ಗಟ್ಟಿ ನೆಲದ ಮೇಲೆ ಮೂರು ನಾಲ್ಕು ಇಂಚು ಮಣ್ಣು ಹರಡಿರುತ್ತಾರೆ. ಮೇಲೆ ನೋಡಲು ಚೆಂದ, ಆದರೆ ಎತ್ತಿ ಒಗೆದಾಗ ಭುಜದ ಕೀಲು, ಕೊರಳ ಬುಡದ ಎಲುಬು ಮುರಿಯುವುದು ಇಂಥ ಕಡೆಯೇ. ಗುದ್ದಲಿ ಹಾಕಿ ಆಳ ನೋಡದೆ ಅತಿಥಿಯನ್ನು ಯಾವ ಕಣಕ್ಕೂ ಇಳಿಸಬೇಡಿ.

ಪೂಜೆಯ ತೆಂಗಿನಕಾಯಿಯನ್ನು ಅಖಾಡದ ಕಟ್ಟೆಯ ಆಚೆ ಒಡೆಯಿರಿ. ಊದಿನಕಡ್ಡಿಯ ತುಂಡು, ಚಿಪ್ಪಿನ ಚೂರು, ಎಸೆದ ನಾಣ್ಯ ಇವು ಮಣ್ಣಲ್ಲಿ ಹುಗಿದು ಕೂತರೆ ಕಣ್ಣಿಗೆ ಕಾಣವು, ಬೆನ್ನಿಗೆ ಮಾತ್ರ ಸಿಗುತ್ತವೆ. ಅಂಚಿನ ಸುತ್ತ 6 ಅಡಿ ಜಾಗ ಖಾಲಿ ಇರಲಿ.

ಬೆಳಗಿನ ತಾಲೀಮು

ಮೊದಲ ಬೆಳಗ್ಗೆ ಐದೂವರೆಗೆ ಅತಿಥಿಯ ಕೈಗೆ ಸನಿಕೆ ಕೊಡಿ. ಇಪ್ಪತ್ತು ನಿಮಿಷ ಅಗೆದರೆ ಮಣ್ಣಿನ ಆಳ, ತೂಕ, ತೇವ ಎಲ್ಲ ಅವರ ಕಾಲಿಗೆ ತಿಳಿಯುತ್ತದೆ. ಯಾವ ವಿವರಣೆಗಿಂತ ಇದು ಮೇಲು. ಆಮೇಲೆ ದಂಡ, ಬಸ್ಕಿ. ನಮ್ಮವರು ನೂರರ ಲೆಕ್ಕದಲ್ಲಿ ಹೊಡೆಯುತ್ತಾರೆಂದು ಅವರಿಗೂ ಅಷ್ಟೇ ಹೇಳಬೇಡಿ. ಕಬ್ಬಿಣ ಎತ್ತಿ ಬೆಳೆದ ಗಟ್ಟಿ ಆಳು ಕೂಡ ಮೊದಲ ದಿನ ಇನ್ನೂರು ಬಸ್ಕಿ ಹೊಡೆದರೆ ಮೂರನೆಯ ದಿನಕ್ಕೆ ಮೆಟ್ಟಿಲು ಇಳಿಯಲಾರ. ಐವತ್ತರಲ್ಲಿ ನಿಲ್ಲಿಸಿ.

ಮೊದಲ ಎರಡು ದಿನ ನಿಂತು ಹಿಡಿಯುವುದು ಮಾತ್ರ. ಒಗೆಯುವುದು ಬೇಡ. ಕಾರಣ ಹೀಗಿದೆ: ಮ್ಯಾಟಿನ ಪೈಲ್ವಾನ ಎದುರಾಳಿಯ ಎರಡೂ ಕಾಲಿಗೆ ನುಗ್ಗುವಾಗ ಮುಂದಿನ ಮೊಣಕಾಲನ್ನು ನೆಲಕ್ಕೆ ಊರಿ ಜಾರಿಸಿಕೊಂಡು ಹೋಗುತ್ತಾನೆ. ಸಡಿಲ ಮಣ್ಣಿನಲ್ಲಿ ಆ ಮೊಣಕಾಲು ಜಾರುವುದಿಲ್ಲ, ಹುಗಿಯುತ್ತದೆ. ಮೈ ಮುಂದೆ ಹೋಗಿ ಕಾಲು ಹಿಂದೆ ಉಳಿದಾಗ ಒಳಗಿನ ನರಗಟ್ಟು ಹರಿಯುತ್ತದೆ. ಆದ್ದರಿಂದ ಕಾಲಿಗೆ ನುಗ್ಗುವಾಗ ಮೊಣಕಾಲು ಊರದೆ, ಹೆಜ್ಜೆಯಿಟ್ಟು ಒಳಹೊಕ್ಕುವುದನ್ನು ಮೊದಲು ಕಲಿಸಿ. ಬೂಟಿಲ್ಲದೆ ಹರಡಿನ ಕೀಲು ಹೊರಳುವುದೂ ಮೊದಲೆರಡು ದಿನದ ತೊಂದರೆಯೇ; ಬರಿಗಾಲಲ್ಲಿ ಅಖಾಡದ ಸುತ್ತ ನಿಧಾನ ಓಡಿಸಿದರೆ ಕಡಿಮೆಯಾಗುತ್ತದೆ.

ಮೂರನೆಯ ದಿನದಿಂದ ದಿನಕ್ಕೆ ಮೂರು ಪಟ್ಟುಗಳನ್ನು ಕಲಿಸಿ, ಹೆಚ್ಚು ಬೇಡ. ಢಾಕ್, ಕಲಾಜಂಗ್, ಧೋಬಿ ಪಛಾಡ್ ಇಂಥವುಗಳಿಗೆ ಹೋಲುವ ಪಟ್ಟುಗಳು ಅವರಲ್ಲೂ ಇರುತ್ತವೆ, ಹೆಸರು ಬೇರೆ, ಹಿಡಿಯುವ ಜಾಗ ಬೇರೆ. ಗರಡಿಯ ಗುರುಗಳಾದ ವಸ್ತಾದರು ಒಮ್ಮೆ ನಿಧಾನವಾಗಿ ತೋರಿಸಲಿ, ಅವರ ತರಬೇತುದಾರ ಅದೇ ಎಸೆತವನ್ನು ತಮ್ಮ ಕಡೆ ಹೇಗೆ ಮಾಡುತ್ತಾರೆ ಎಂದು ತೋರಿಸಲಿ. ಗೋಡೆಯ ಮೇಲೆ ಕರಿಹಲಗೆ ತೂಗುಹಾಕಿ ಎರಡೂ ಹೆಸರು ಬರೆಯಿರಿ. ಅವರ ಭಾಷೆಯ ಉಚ್ಚಾರವನ್ನು ಕನ್ನಡ ಅಕ್ಷರದಲ್ಲೇ ಬರೆದರೆ ನಮ್ಮ ಹುಡುಗರು ಎರಡು ದಿನಕ್ಕೆ ಕೂಗಿ ಹೇಳತೊಡಗುತ್ತಾರೆ. ‘ನಿಲ್ಲು’, ‘ಬಿಡು’, ‘ನೋವು’, ‘ನೀರು’ ಎಂಬ ನಾಲ್ಕು ಶಬ್ದ ಎರಡೂ ಕಡೆಯವರಿಗೆ ಮೊದಲ ದಿನವೇ ಬಾಯಿಪಾಠ ಆಗಿರಬೇಕು. ಎದುರಾಳಿ ಕೈಯಿಂದ ಎರಡು ಸಲ ತಟ್ಟಿದರೆ ಆ ಕ್ಷಣ ಬಿಡಬೇಕೆಂಬುದನ್ನೂ ಹೇಳಿ. ನಮ್ಮ ಕುಸ್ತಿಯಲ್ಲಿ ಹಾಗೆ ತಟ್ಟಿ ಸೋಲೊಪ್ಪುವ ರೂಢಿ ಇಲ್ಲದ್ದರಿಂದ ನಮ್ಮ ಹುಡುಗರಿಗೆ ಅದು ತಿಳಿಯುವುದೇ ಇಲ್ಲ.

ಐದನೆಯ ದಿನ ಮ್ಯಾಟಿಗೆ ಹೋಗಿ. ಕ್ರೀಡಾ ವಸತಿ ನಿಲಯದ್ದೋ ಕಾಲೇಜಿನದ್ದೋ ಮ್ಯಾಟನ್ನು ಮೊದಲೇ ಕೇಳಿಟ್ಟಿರಿ. ಈಗ ತೊಂದರೆ ನಮ್ಮವರದು. ಮಣ್ಣಿನಲ್ಲಿ ಬೆನ್ನು ನೆಲಕ್ಕೆ ತಾಗುವವರೆಗೆ ಏನೂ ಕೆಟ್ಟಿಲ್ಲ. ಮ್ಯಾಟ್ ಮೇಲೆ ಬೆನ್ನು ನೆಲದ ಕಡೆ ವಾಲಿದರೂ ಎರಡು ಅಂಕ ಹೋಯಿತು. ಬೋರಲು ಮಲಗಿ ದಣಿವಾರಿಸಿಕೊಳ್ಳುವ ಮಣ್ಣಿನ ಜಾಣತನ ಅಲ್ಲಿ ನಡೆಯದು. ಸೊಂಟ ಸುತ್ತಿ ಉರುಳಿಸಿ, ಕಾಲು ಹೆಣೆದು ಉರುಳಿಸಿ, ಹತ್ತು ಅಂಕದ ಅಂತರ ಬಂದ ಕೂಡಲೇ ಆಟ ಮುಗಿಸಿಬಿಡುತ್ತಾರೆ. ಖಾಶಾಬಾ ಜಾಧವ್ ಅವರಂಥ ಮಣ್ಣಿನ ಮಲ್ಲರೇ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ರೂಢಿಯಿಲ್ಲದ ಮ್ಯಾಟಿನ ಮೇಲೆ ಆರನೆಯವರಾದರು. ನಾಲ್ಕು ವರ್ಷ ಅದಕ್ಕೆ ಮೈ ಒಗ್ಗಿಸಿಕೊಂಡು 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ತಂದರು. ಅವರ ಊರು ಗೋಳೇಶ್ವರ ಇರುವುದು ಕರಾಡದ ಹತ್ತಿರ, ಬೆಳಗಾವಿಯಿಂದ ಅರ್ಧ ದಿನದ ದಾರಿ. ಮಣ್ಣು, ಮ್ಯಾಟ್ ಎರಡಕ್ಕೂ ಸಮನಾಗಿ ದಿನ ಹಂಚಿ ಎನ್ನುವುದು ಇದಕ್ಕೇ. ಬರೀ ಮಣ್ಣಿನಲ್ಲಿ ಆಡಿಸಿ ಗೆದ್ದು ಬೀಗುವ ಶಿಬಿರದಿಂದ ನಮ್ಮ ಹುಡುಗರಿಗೆ ಏನೂ ದಕ್ಕುವುದಿಲ್ಲ.

ಸಂಜೆಗಳನ್ನು ಗದೆ, ಮಲ್ಲಕಂಬ, ಎತ್ತುವ ಸಂಗ್ರಾಣಿ ಕಲ್ಲಿಗೆ ಬಿಡಿ. ಇರಾನಿನವರು ತಮ್ಮ ಮೀಲ್ ತಿರುಗಿಸುವ ಕ್ರಮ ತೋರಿಸಿದರೆ ನಮ್ಮವರು ಜೋಡಿ ಗದೆ ತಿರುಗಿಸಿ ತೋರಿಸಬಹುದು. ಸ್ಪೇನಿನ ಬಾಸ್ಕ್ ನಾಡಿನಲ್ಲಿ, ಸ್ಕಾಟ್ಲೆಂಡಿನಲ್ಲಿ, ಐಸ್‌ಲೆಂಡಿನಲ್ಲಿ ಕಲ್ಲೆತ್ತುವ ಪರಂಪರೆ ಈಗಲೂ ಇದೆ. ಆ ಕಡೆಯವರು ಬಂದರೆ ಭಾರ ಎತ್ತುವ ನಮ್ಮ ಜಾತ್ರೆಯ ಆಟಕ್ಕೇ ಒಂದು ಶಿಬಿರ ಮಾಡಬಹುದು. ಕಲ್ಲು ಕೈಬಿಡುವ ಜಾಗಕ್ಕೆ ಒಂದು ಅಡಿ ಉಸುಕು ಹಾಸಿ; ಬರಿಗಾಲಲ್ಲಿ ಎತ್ತಲು ಅತಿಥಿಗೆ ಬಿಡಬೇಡಿ.

ನಿಯಮದ ಹಾಳೆ

ಕುಸ್ತಿ ಹಚ್ಚುವ ಮೊದಲು ನಿಯಮಗಳನ್ನು ಎರಡೂ ಭಾಷೆಯಲ್ಲಿ ಒಂದೇ ಹಾಳೆಯ ಮೇಲೆ ಬರೆದು ಇಬ್ಬರ ಸಹಿ ಹಾಕಿಸಿ. ಜಗಳಗಳೆಲ್ಲ ಹುಟ್ಟುವುದು ‘ಇದು ಎಲ್ಲರಿಗೂ ಗೊತ್ತಿರೋದೇ’ ಎಂದು ಬಿಟ್ಟ ಜಾಗದಲ್ಲಿ.

ಮುಖ್ಯವಾದದ್ದು ಸಮಯ. ನಿಕಾಲಿ ಕುಸ್ತಿ ಎಂದರೆ ಚಿತ್ ಆಗುವವರೆಗೆ. 1910ರಲ್ಲಿ ಲಂಡನ್ನಿನಲ್ಲಿ ಗಾಮಾ ಎದುರು ಪೋಲೆಂಡಿನ ಜಿಬಿಸ್ಕೊ ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ಬಹುಪಾಲು ನೆಲಕ್ಕೆ ಅಂಟಿಕೊಂಡೇ ಕಳೆದ. ಕುಸ್ತಿ ಬರಾಬರಿಯಾಯಿತು. 1928ರಲ್ಲಿ ಪಟಿಯಾಲಾದಲ್ಲಿ ಗಾಮಾ ಅವನನ್ನು ಒಂದು ನಿಮಿಷದೊಳಗೆ ಒಗೆದರು. ಸಮಯ ಗೊತ್ತುಮಾಡದ ಆಟವನ್ನು ಸೋಲಬಾರದೆಂದು ಹಟ ಹಿಡಿದವನು ಎಷ್ಟು ಹೊತ್ತಾದರೂ ಎಳೆಯಬಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ವಿನಿಮಯದ ಕುಸ್ತಿಗೆ 10 ನಿಮಿಷ ನಿಕಾಲಿ, ಅಷ್ಟರಲ್ಲಿ ಚಿತ್ ಆಗದಿದ್ದರೆ 3 ನಿಮಿಷ ಅಂಕದ ಮೇಲೆ, ಅದರಲ್ಲೂ ತೀರದಿದ್ದರೆ ಬರಾಬರಿ ಎಂದು ಇಟ್ಟುಕೊಳ್ಳಿ. ಬೋರಲು ಮಲಗಿ ಒಂದು ನಿಮಿಷ ಕದಲದಿದ್ದರೆ ಪಂಚರು (ತೀರ್ಪುಗಾರರು) ಇಬ್ಬರನ್ನೂ ಎಬ್ಬಿಸಿ ನಿಲ್ಲಿಸಲಿ.

ಸೋಲು ಎಂದರೇನು ಎಂಬುದನ್ನೂ ಬರೆಯಲೇಬೇಕು. ಮಂಗೋಲಿಯಾದವರಿಗೆ ಮೊಣಕಾಲೋ ಮೊಣಕೈಯೋ ನೆಲಕ್ಕೆ ತಾಗಿದರೇ ಸೋಲು. ಹಾಗಾಗಿ ಅವರು ಎದುರಾಳಿಯನ್ನು ಮೊಣಕಾಲಿಗೆ ಬೀಳಿಸಿದ ಕೂಡಲೇ ಗೆದ್ದೆವೆಂದು ಕೈ ಬಿಟ್ಟುಬಿಡುತ್ತಾರೆ, ಅದೇ ಗಳಿಗೆಗೆ ನಮ್ಮವನು ಹಿಂದೆ ಹೋಗಿ ಎತ್ತಿ ಒಗೆಯುತ್ತಾನೆ. ಗೆದ್ದಂತಾಯಿತು, ಸ್ನೇಹ ಕೆಟ್ಟಿತು. ಎರಡೂ ಭುಜ ಒಟ್ಟಿಗೆ ನೆಲ ಮುಟ್ಟಿದರೆ ಚಿತ್, ಮುಟ್ಟಿದ ಮೇಲೆ ಹಿಡಿದಿಡಬೇಕಿಲ್ಲ ಎಂದು ಬರೆದು, ಅಖಾಡದಲ್ಲಿ ಇಬ್ಬರನ್ನು ಮಲಗಿಸಿ ತೋರಿಸಿ. ಲಂಗೋಟಿ, ಜಾಂಗ್ಯಾ ಹಿಡಿಯುವುದು ನಮ್ಮಲ್ಲಿ ನ್ಯಾಯ, ಮ್ಯಾಟಿನಲ್ಲಿ ತಪ್ಪು; ಅದೂ ಹಾಳೆಯಲ್ಲಿರಲಿ. ಬೆರಳು ಮುರಿಯುವುದು, ಗಂಟಲು ಒತ್ತುವುದು, ತಲೆ ಕೆಳಗೆ ಮಾಡಿ ನೇರ ಕುಕ್ಕುವುದು, ಕಣ್ಣಿಗೆ ಮಣ್ಣು ಎರಚುವುದು ಪೂರ್ತಿ ನಿಷಿದ್ಧ. ಹಿಡಿತಕ್ಕಾಗಿ ಎದುರಾಳಿಯ ಬೆನ್ನಿಗೆ, ಕೊರಳಿಗೆ ಮಣ್ಣು ಸವರುವುದು ನಮ್ಮ ರೂಢಿ, ಹೊಸಬರಿಗೆ ಅದು ಅವಮಾನದಂತೆ ಕಾಣುತ್ತದೆ. ತೊಡೆ ತಟ್ಟುವುದೂ ಅಷ್ಟೇ. ಮೊದಲೇ ಹೇಳಿಡಿ. ಶ್ವಿಂಗನ್‌ನಲ್ಲಿ ಗೆದ್ದವನು ಸೋತವನ ಬೆನ್ನಿನ ಹೊಟ್ಟು ಒರೆಸುತ್ತಾನೆ. ಅವರು ಬಂದರೆ ಅದನ್ನು ನಮ್ಮ ಕಣದಲ್ಲೂ ಇಟ್ಟುಕೊಳ್ಳಬಹುದು, ಮಣ್ಣು ಒರೆಸಲು ಯಾರ ಅಡ್ಡಿಯೂ ಇಲ್ಲ.

ಜೋಡಿ ಹಚ್ಚುವಾಗ ಕಣ್ಣಂದಾಜು ಬೇಡ, ತೂಕದ ಯಂತ್ರ ಇಡಿ. 5 ಕಿಲೊಗಿಂತ ಹೆಚ್ಚು ಅಂತರ ಬೇಡ. ಪಂಚರು ಇಬ್ಬರಿರಲಿ, ಒಬ್ಬರು ಅವರ ಕಡೆಯವರು.

ಮೈ ಕಾಪಾಡುವುದು

ಅಖಾಡಕ್ಕೆ ಇಳಿಯುವ ಮೊದಲು ದಿನಾಲೂ ಎಲ್ಲರ ಚರ್ಮ ನೋಡಿ, ನಮ್ಮವರದೂ ಸೇರಿ. ಹುಳಕಡ್ಡಿ, ಕೀವುಗುಳ್ಳೆ ಇದ್ದವರು ಹೊರಗೆ. ಅರಿಷಿಣ ಬೇವು ಹಾಕಿದ ಮಣ್ಣು ಎಲ್ಲವನ್ನೂ ಕೊಲ್ಲುತ್ತದೆ ಎಂಬ ನಂಬಿಕೆಯಿಂದಲೇ ಹುಳಕಡ್ಡಿ ಇಡೀ ಗರಡಿಗೆ ಹರಡುತ್ತದೆ; ಅದು ಹರಡುವುದು ಮೈಗೆ ಮೈ ತಾಗಿ, ಒಂದೇ ಟವೆಲ್ ಬಳಸಿ. ಧನುರ್ವಾಯು ಚುಚ್ಚುಮದ್ದು ಹತ್ತು ವರ್ಷದೊಳಗಿನದಿರಲಿ. ಮಣ್ಣು ಹೊಕ್ಕ ಆಳವಾದ ಗಾಯವಾಗಿ, ಚುಚ್ಚುಮದ್ದಿಗೆ ಐದು ವರ್ಷ ದಾಟಿದ್ದರೆ ವೈದ್ಯರು ಇನ್ನೊಂದು ಕೊಡುತ್ತಾರೆ. ಕಣ್ಣಿಗೆ ಮಣ್ಣು ಬಿದ್ದರೆ ಉಜ್ಜದೆ ಶುದ್ಧ ನೀರು ಸುರಿಯಬೇಕು. ಅಂಚಿನಲ್ಲಿ ಎರಡು ಬಾಟಲಿ ಅದಕ್ಕೇ ಮೀಸಲಿರಲಿ. ತಲೆಗೆ ಪೆಟ್ಟು ಬಿದ್ದು ಕ್ಷಣ ಮಂಕಾದವನು ‘ಏನೂ ಆಗಿಲ್ಲ’ ಎಂದರೂ ಆ ದಿನ ಮತ್ತೆ ಇಳಿಯಕೂಡದು, ವೈದ್ಯರು ಒಪ್ಪುವ ತನಕ ಮುಂದಿನ ದಿನಗಳಲ್ಲೂ ಇಲ್ಲ. ಮೈದಾನದ ದಿನ ಕೊರಳಪಟ್ಟಿ ಸಮೇತ ಆಂಬುಲೆನ್ಸ್ ಇಲ್ಲದೆ ಮೊದಲ ಜೋಡಿ ಬಿಡಬೇಡಿ.

ಊಟ ಮತ್ತು ತಂಡಾಯಿ

ಜೋಳದ ರೊಟ್ಟಿ, ಕಾಳು ಪಲ್ಲೆ, ಮೊಸರು, ಬೇಯಿಸಿದ ತತ್ತಿ, ಬಾಳೆಹಣ್ಣು ಇವುಗಳ ಮೇಲೆ ಹತ್ತು ದಿನ ಚೆನ್ನಾಗಿ ಸಾಗುತ್ತದೆ. ಖಾರ ಅರ್ಧ. ಶೇಂಗಾ ಒಗ್ಗದವರು ಇದ್ದಾರೆಯೇ ಎಂದು ಮೊದಲೇ ಕೇಳಿ. ನಮ್ಮ ಕಡೆ ಹಿಂಡಿ, ಎಣ್ಣೆಗಾಯಿ, ಹೋಳಿಗೆ ಎಲ್ಲದರಲ್ಲೂ ಶೇಂಗಾ ಇರುತ್ತದೆ, ಅದು ಮೈಗೆ ಆಗದವರಿಗೆ ಒಂದು ಚಮಚವೂ ಜೀವಕ್ಕೆ ಅಪಾಯ. ಸೀಲ್ ಮಾಡಿದ ನೀರಿನ ಬಾಟಲಿ, ಬರ್ಫ ಇಲ್ಲದ ಪಾನೀಯ. ಹಲಾಲ್ ಬೇಕಾದವರಿಗೆ ಅದರ ಏರ್ಪಾಡು, ಇಲ್ಲವಾದರೆ ಎಲ್ಲರಿಗೂ ಸಸ್ಯಾಹಾರ ಎಂದು ಮೊದಲೇ ತಿಳಿಸಿ.

ತಂಡಾಯಿಯ ವಿಷಯದಲ್ಲಿ ಬಿಗಿಯಾಗಿರಿ. ಭಂಗಿ ಹಾಕಿದ್ದು ಉದ್ದೀಪನ ಮದ್ದಿನ ನಿಯಮದಂತೆ ಸ್ಪರ್ಧೆಯ ಹೊತ್ತಿಗೆ ನಿಷಿದ್ಧ ಎಂಬುದು ಹಲವರಿಗೆ ಗೊತ್ತು. ಗಸಗಸೆಯಿಂದ ಮೂತ್ರದಲ್ಲಿ ಮಾರ್ಫೀನ್ ಕಾಣಿಸಿಕೊಳ್ಳಬಹುದು ಎಂಬುದು ಗೊತ್ತಿರುವುದಿಲ್ಲ. ಪರೀಕ್ಷೆಗೆ ಒಳಪಡುವ ಪೈಲ್ವಾನನಿಗೆ ಬಾದಾಮಿ, ಸೋಂಪು, ಯಾಲಕ್ಕಿ, ಹಾಲು ಮಾತ್ರ. ಗುರುತಿಲ್ಲದ ಲೇಹ, ಭಸ್ಮ, ಪುಡಿ ಯಾವುದನ್ನೂ ಪ್ರೀತಿಯಿಂದ ಕೂಡ ಕೊಡಬೇಡಿ. ಅವನ ಎರಡು ವರ್ಷದ ಆಟ ಹೋದೀತು.

ಪೂಜೆ, ಉಡುಪು, ಹೆಣ್ಣುಮಕ್ಕಳು

ಹನುಮಪ್ಪನ ಪೂಜೆ ನಿಮ್ಮ ಪದ್ಧತಿಯಂತೆ ನಡೆಯಲಿ. ಬೇರೆ ಧರ್ಮದ ಅತಿಥಿಗೆ ಕೈ ಮುಗಿಯಲು ಒತ್ತಾಯ ಬೇಡ. ಬೂಟು ಕಟ್ಟೆಯಾಚೆ ಬಿಟ್ಟು ಮಣ್ಣು ಮುಟ್ಟಿ ಇಳಿದರೆ ಆಯಿತು. ಲಂಗೋಟಿಯಲ್ಲಿ ಮುಜುಗರವಾದರೆ ಮೇಲೆ ಗಟ್ಟಿ ಹೊಲಿಗೆಯ ಜಾಂಗ್ಯಾ ಹಾಕಿಕೊಳ್ಳಲಿ. ಈಜುಡುಗೆ ಮೊದಲ ಹಿಡಿತಕ್ಕೇ ಹರಿಯುತ್ತದೆ. ತಂಡದಲ್ಲಿ ಹೆಣ್ಣುಮಕ್ಕಳಿದ್ದರೆ ವಸ್ತಾದರ ಜೊತೆ ತಿಂಗಳುಗಳ ಮೊದಲೇ ಮಾತಾಡಿ. ಕೆಲವು ಗರಡಿಗಳು ಇಂದಿಗೂ ಹೆಂಗಸರನ್ನು ಅಖಾಡಕ್ಕೆ ಬಿಡುವುದಿಲ್ಲ. ಹುಡುಗಿಯರು ಕುಸ್ತಿ ಕಲಿಯುವ ಕೇಂದ್ರಗಳು ಈ ಭಾಗದಲ್ಲೇ ಇರುವಾಗ, ಬಂದವರನ್ನು ಬಾಗಿಲಲ್ಲಿ ನಿಲ್ಲಿಸುವ ಗರಡಿಯನ್ನು ಆರಿಸಿಕೊಳ್ಳುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ.

ಮೈದಾನದ ದಿನ

ಕರಡಿ ಮಜಲು, ಹಲಗಿ ಇರಲೇಬೇಕು. ಆದರೆ ಆ ಸದ್ದಿನಲ್ಲಿ ಸೀಟಿ ಕೇಳುವುದಿಲ್ಲ. ಪಂಚರ ಕೈಯಲ್ಲಿ ಕೆಂಪು ಬಾವುಟ ಕೊಟ್ಟು, ಅದು ಮೇಲೆದ್ದರೆ ಬಿಡಬೇಕು, ಮೇಳವೂ ನಿಲ್ಲಬೇಕು ಎಂದು ಎಲ್ಲರಿಗೂ ಹೇಳಿ. ಹಗಲು 3 ಗಂಟೆಗೆ ಸಣ್ಣ ಹುಡುಗರ ಜೋಡಿಗಳಿಂದ ಶುರು ಮಾಡಿ, ಅತಿಥಿಗಳನ್ನು ನಡುವೆ ಹಂಚಿ. ಎಲ್ಲರನ್ನೂ ಕೊನೆಗಿಟ್ಟರೆ ಮೈ ತಣ್ಣಗಾಗಿ ಇಳಿಯುತ್ತಾರೆ. ‘ದೇಶ ದೇಶದ ಮಾನದ ಪ್ರಶ್ನೆ’ ಎಂದು ಮೈಕಿನಲ್ಲಿ ಕೂಗುವ ನಿರೂಪಕರನ್ನು ಮೊದಲೇ ತಡೆಯಿರಿ. ಗೆಲುವು ಯಾರದೇ ಆದರೂ ಅತಿಥಿಯ ಪಟ್ಟಿನ ಹೆಸರು ಹೇಳಿ ಅದು ಏನೆಂದು ವಿವರಿಸಬಲ್ಲ ಒಬ್ಬ ಹಳೆಯ ಪೈಲ್ವಾನರಿಗೆ ಮೈಕ್ ಕೊಡಿ.

ಕೊಟ್ಟು ಕಳಿಸುವುದು, ಮರಳಿ ಹೋಗುವುದು

ಗದೆ ಕೊಡುವುದಾದರೆ ಎರಡು ಅಡಿಯೊಳಗಿನದು, ಹಿಡಿ ಬಿಚ್ಚಿಡಲು ಬರುವಂಥದು. ವಿಮಾನದಲ್ಲಿ ಅದು ಕೈಚೀಲದಲ್ಲಿ ಹೋಗದು, ಒಪ್ಪಿಸುವ ಸಾಮಾನಿನಲ್ಲೇ ಹೋಗಬೇಕು. ಹಗುರಾದುದು ಬೇಕೆಂದರೆ ರುಮಾಲು, ಗುಳೇದಗುಡ್ಡದ ಖಣ, ಕಂಬಳಿ. ಗೋಕಾಕ, ಅಮೀನಗಡದ ಕರದಂಟು ಕೊಡುವ ಮೊದಲು ಗಸಗಸೆ ಹಾಕಿದೆಯೇ ಎಂದು ಅಂಗಡಿಯಲ್ಲಿ ಕೇಳಿ. ಗಲ್ಫ್ ಮೂಲಕ ಹೋಗುವವರ ಚೀಲದಲ್ಲಿ ಗಸಗಸೆ ಸಿಕ್ಕರೆ ಮಾದಕ ವಸ್ತುವಿನ ಕೇಸಾಗುವ ದೇಶಗಳಿವೆ.

ಮುಂದಿನ ವರ್ಷ ನಮ್ಮವರು ಅಲ್ಲಿಗೆ ಹೋಗದಿದ್ದರೆ ಕೆಲಸ ಅರ್ಧವೇ. ಅದಕ್ಕೆ ಶಿಬಿರ ಮುಗಿದ ವಾರವೇ ಹುಡುಗರ ಪಾಸ್‌ಪೋರ್ಟಿಗೆ ಅರ್ಜಿ ಹಾಕಿಸಿ. ಇಲ್ಲಿ ಎಡವುವುದು ಹೆಸರಿನಲ್ಲಿ: ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಮೊದಲ ಅಕ್ಷರ, ಆಧಾರ್‌ನಲ್ಲಿ ಪೂರ್ತಿ ಹೆಸರು, ಅಡ್ಡಹೆಸರು ಒಂದರಲ್ಲಿ ಉಂಟು ಒಂದರಲ್ಲಿಲ್ಲ. ತಿದ್ದುಪಡಿಗೇ ತಿಂಗಳುಗಳು ಹಿಡಿಯುತ್ತವೆ. ಮ್ಯಾಟಿನ ಕುಸ್ತಿಗೆ ಹೋಗುವವರಿಗೆ ಬೂಟನ್ನು ಹೊರಡುವ ಮುಂಚಿನ ದಿನ ಕೊಡಿಸಬೇಡಿ. ಬರಿಗಾಲಿನ ಪೈಲ್ವಾನ ಹೊಸ ಬೂಟಿನಲ್ಲಿ ಮೊದಲ ವಾರ ಎಡವುತ್ತಾನೆ, ಹಿಮ್ಮಡಿಯಲ್ಲಿ ಗುಳ್ಳೆ ಏಳುತ್ತವೆ. ಎರಡು ತಿಂಗಳ ಮೊದಲೇ ಕೊಡಿಸಿ, ವಾರಕ್ಕೆ ಮೂರು ದಿನ ಅದನ್ನು ಕಟ್ಟಿಸಿಯೇ ಮ್ಯಾಟಿಗೆ ಇಳಿಸಿ. ಟರ್ಕಿಗೆ ಹೋಗುವವರಾದರೆ ಬೂಟಿನ ಬದಲು ಮೈತುಂಬ ಎಣ್ಣೆ ಸುರಿದುಕೊಂಡು ಹುಲ್ಲಿನ ಮೇಲೆ ಹಿಡಿಯುವ ಅಭ್ಯಾಸ ಬೇಕು. ಅದನ್ನು ಅಖಾಡದಲ್ಲಿ ಮಾತ್ರ ಮಾಡಿಸಬೇಡಿ, ಹದ ಮಾಡಿದ ಮಣ್ಣೆಲ್ಲ ಎಣ್ಣೆಯಾಗಿ ಕೆಡುತ್ತದೆ.